ಓದುವ ಪೀಡೆ ತೊಲಗಿತು

ಹೆನ್ರಿ ಓಲ್ಡನ್‌ಬರ್ಗ್ ಎಂಬಾತ 1665ರಲ್ಲಿ ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆ ಶುರುಮಾಡಿದಂದಿನಿಂದ ವಿದ್ವಾಂಸರ ಬೆನ್ನಿಗೊಂದು ಪೀಡೆ ಅಂಟಿಕೊಂಡಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕು. ಓದಿ ಅರ್ಥ ಮಾಡಿಕೊಳ್ಳಬೇಕು, ತಪ್ಪಿದ್ದರೆ ಹೇಳಬೇಕು. ಬರೆದವರಿಗೆ ಬಡ್ತಿಯಾದರೂ ಉಂಟು, ಓದಿದವರಿಗೆ ಯಾವ ವಿಶ್ವವಿದ್ಯಾಲಯ ಬಡ್ತಿ ಕೊಟ್ಟಿದೆ? ಆದರೂ ಮೂರೂವರೆ ಶತಮಾನ ಹೇಗೋ ಸಹಿಸಿಕೊಂಡರು. ಈಗ ತಂತ್ರಜ್ಞಾನ ಬಂದು ಆ ಪೀಡೆಯನ್ನು ತೊಲಗಿಸಿದೆ. ಸಂತೋಷದ ಸುದ್ದಿ. ಯಾರೂ ಓದುತ್ತಿಲ್ಲವಾದ್ದರಿಂದ ಎಲ್ಲರಿಗೂ ಇನ್ನೂ ತಲುಪಿಲ್ಲ, ಅಷ್ಟೆ.

ಪುರಾವೆ ಬೇಕೆ? 2024ರ ಫೆಬ್ರವರಿಯಲ್ಲಿ ಫ್ರಂಟಿಯರ್ಸ್ ಸಂಸ್ಥೆಯ ಜೀವಕೋಶ ವಿಜ್ಞಾನದ ಜರ್ನಲ್ ಒಂದು ಇಲಿಯ ಚಿತ್ರ ಪ್ರಕಟಿಸಿತು. ಇಲಿ ನೆಟ್ಟಗೆ ಕುಳಿತು ಕತ್ತೆತ್ತಿ ತನ್ನದೇ ಜನನಾಂಗವನ್ನು ಬೆರಗಿನಿಂದ ನೋಡುತ್ತಿದೆ. ಬೆರಗಾಗದೆ ಏನು, ಅದು ಇಲಿಗಿಂತ ದೊಡ್ಡದು! ಚಿತ್ರದ ಅಂಚನ್ನೂ ದಾಟಿ ಹೋಗಿದೆ. ಪಕ್ಕದಲ್ಲಿ ವೈಜ್ಞಾನಿಕ ಗಾಂಭೀರ್ಯದಿಂದ ಗೆರೆ ಎಳೆದು ಹೆಸರಿಸಿದ ಭಾಗಗಳು: ‘ಟೆಸ್ಟ್‌ಟಾಮ್‌ಸೆಲ್ಸ್’, ‘ರೆಟಾಟ್’. ಕಾಗುಣಿತ ಸರಿಯಿದ್ದ ಕೆಲವೇ ಲೇಬಲ್‌ಗಳಲ್ಲಿ ಒಂದು ‘ರ್‍ಯಾಟ್’. ಚಿತ್ರವನ್ನು ಮಿಡ್‌ಜರ್ನಿ ಎಂಬ ಎಐ ಚಿತ್ರಯಂತ್ರದಿಂದ ಮಾಡಿಸಿದ್ದೆಂದು ಲೇಖಕರೇ ಪ್ರಾಮಾಣಿಕವಾಗಿ ಬರೆದಿದ್ದರು. ಪ್ರಕಟಣೆಗೆ ಮುನ್ನ ಲೇಖನವನ್ನು ಪರಿಶೀಲಿಸಿದ ವಿಮರ್ಶಕರೊಬ್ಬರು ಚಿತ್ರಗಳ ಬಗ್ಗೆ ತಕರಾರು ತೆಗೆದಿದ್ದರಂತೆ. ಲೇಖಕರು ಅದಕ್ಕೆ ಉತ್ತರ ಕೊಡಲಿಲ್ಲ, ಲೇಖನ ಮಾತ್ರ ಪ್ರಕಟವಾಯಿತು. ವಾರದೊಳಗೆ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಪಾಪ, ಆ ಇಲಿಯನ್ನು ಜಗತ್ತೇ ನೋಡಿಯಾಗಿತ್ತು.

ಅದೇ ಸುಮಾರಿಗೆ ಲಿಥಿಯಂ ಬ್ಯಾಟರಿ ಕುರಿತ ಪ್ರಬಂಧವೊಂದರ ಪೀಠಿಕೆ ‘ಖಂಡಿತ, ನಿಮ್ಮ ವಿಷಯಕ್ಕೆ ಹೊಂದಬಹುದಾದ ಪೀಠಿಕೆ ಇಲ್ಲಿದೆ’ ಎಂದೇ, ಚಾಟ್‌ಬಾಟ್ ಉತ್ತರಿಸುವ ಧಾಟಿಯಲ್ಲೇ ಆರಂಭವಾಗಿತ್ತು. ಲೇಖಕರು, ವಿಮರ್ಶಕರು, ಸಂಪಾದಕರು, ಇಷ್ಟು ಜನರ ಕೈ ದಾಟಿ ಬಂದ ವಾಕ್ಯವದು. ಎಲ್ಲೋ ಹತ್ತನೇ ಪುಟದ ಮೂಲೆಯಲ್ಲಿದ್ದಿದ್ದರೆ ಹೋಗಲಿ ಬಿಡಿ ಅನ್ನಬಹುದಿತ್ತು.

ನನಗೆ ಇದಕ್ಕಿಂತ ಪ್ರಿಯವಾದದ್ದು ‘ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’. ಅಂಥ ಸೂಕ್ಷ್ಮದರ್ಶಕ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಬ್ಯಾಕ್ಟೀರಿಯಾ ಕುರಿತ 1959ರ ಲೇಖನವೊಂದು ಎರಡು ಕಾಲಂಗಳಲ್ಲಿ ಅಚ್ಚಾಗಿತ್ತು. ಎಡ ಕಾಲಂನಲ್ಲಿ ‘ವೆಜಿಟೇಟಿವ್’ ಎಂಬ ಪದ, ಅದೇ ಮಟ್ಟದಲ್ಲಿ ಬಲ ಕಾಲಂನಲ್ಲಿ ‘ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’. ಹಳೆಯ ಪುಟವನ್ನು ಸ್ಕ್ಯಾನ್ ಮಾಡಿದ ಯಂತ್ರ ನಡುವಿನ ಖಾಲಿ ಜಾಗ ದಾಟಿ ಎರಡನ್ನೂ ಒಂದೇ ಉಸಿರಿಗೆ ಓದಿಬಿಟ್ಟಿತು. ಅರ್ಧ ಶತಮಾನ ಕಳೆದ ಮೇಲೆ ಈ ಇಲ್ಲದ ಉಪಕರಣ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳಲ್ಲಿ ಪ್ರತ್ಯಕ್ಷವಾಯಿತು, ಎಐ ಮಾದರಿಗಳ ಹೊಟ್ಟೆಗೂ ಸೇರಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಕಟ್ಟಿದ್ದಷ್ಟೇ ಅಲ್ಲ, ಪ್ರಕಾಶಕರೊಬ್ಬರು ಮೊದಮೊದಲು ಆ ಪ್ರಯೋಗವನ್ನು ಸಮರ್ಥಿಸಿಕೊಂಡೂ ಇದ್ದರು.

ಇನ್ನು ಎಕ್ಸೆಲ್. ಮನುಷ್ಯರ ಜೀನ್ ಒಂದಕ್ಕೆ ‘ಮಾರ್ಚ್1’ ಎಂದು ಹೆಸರಿತ್ತು. ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು ಮಾರ್ಚ್ ತಿಂಗಳ ಮೊದಲ ತಾರೀಖಾಗುತ್ತಿತ್ತು. ಜೀನ್ ಪಟ್ಟಿಗಳನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಇಂಥ ತಪ್ಪುಗಳಿವೆ ಎಂದು 2016ರಲ್ಲಿ ಅಧ್ಯಯನವೊಂದು ತೋರಿಸಿತು. ಕಳಿಸುವ ಮುನ್ನ ಒಮ್ಮೆ ಕಣ್ಣಾಡಿಸಿದ್ದರೆ ಸಾಕಿತ್ತು. ಆದರೆ ಕಣ್ಣಾಡಿಸುವುದೆಂದರೆ ಓದಿದಂತೆಯೇ ಅಲ್ಲವೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ, 2020ರ ಹೊತ್ತಿಗೆ ಸುಮಾರು 27 ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಆ ತಾರೀಖಿನ ಚಟವನ್ನು ಬೇಕೆಂದವರು ನಿಲ್ಲಿಸಿಕೊಳ್ಳುವ ಅವಕಾಶವನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 2023ರಲ್ಲಿ. ಕೋಟ್ಯಂತರ ವರ್ಷಗಳ ಜೀವವಿಕಾಸ ಒಂದು ತಂತ್ರಾಂಶಕ್ಕೆ ತಲೆಬಾಗಿತು ನೋಡಿ.

ಓದದಿದ್ದರೆ ಯಾರ ಸಂಶೋಧನೆ ಒಳ್ಳೆಯದೆಂದು ತಿಳಿಯುವುದು ಹೇಗೆ? ಎಣಿಸಿ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಇಂಡೆಕ್ಸ್ (ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದರೆ ಅದು ಹತ್ತು) ಕೊಟ್ಟ ಮೇಲೆ ವಿದ್ವತ್ತನ್ನು ಅಳೆಯಲು ಒಂದೇ ಒಂದು ಅಂಕಿ ಸಾಕು. ಅದು ಮನುಷ್ಯರಿಗೇ ಸೀಮಿತ ಎಂದೂ ಯಾರೂ ಹೇಳಿಲ್ಲ. ಉಲ್ಲೇಖಗಳನ್ನು ಮಾರುವ ಅಂಗಡಿಗಳು ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಲು ರೀಸ್ ರಿಚರ್ಡ್‌ಸನ್ ಮತ್ತು ನಿಕ್ ವೈಸ್ ಎಂಬ ಸಂಶೋಧಕರು 2024ರಲ್ಲಿ ಲ್ಯಾರಿ ಎಂಬ ಬೆಕ್ಕನ್ನು ಆರಿಸಿಕೊಂಡರು. ಅದರ ಹೆಸರಲ್ಲಿ ಅರ್ಥವಿಲ್ಲದ 12 ಗಣಿತ ಪ್ರಬಂಧಗಳನ್ನು ಕಂಪ್ಯೂಟರಿನಿಂದ ಬರೆಸಿದರು, ಅವನ್ನು ಉಲ್ಲೇಖಿಸಲು ಅಂಥವೇ ಇನ್ನೂ 12. ಪ್ರಬಂಧ ಹುಡುಕಿ ಉಲ್ಲೇಖ ಎಣಿಸುವ ಗೂಗಲ್ ಸ್ಕಾಲರ್ ತಾಣ ನಿಷ್ಠೆಯಿಂದ ಎಣಿಸಿತು: ಲ್ಯಾರಿಯ ಎಚ್-ಇಂಡೆಕ್ಸ್ 11, ಉಲ್ಲೇಖಗಳು 132. ಓದಲು ಬಾರದಿದ್ದರೂ ಏಳಿಗೆಗೆ ಅಡ್ಡಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಇಲ್ಲ. ಆಮೇಲೆ ಗೂಗಲ್ ಆ ಉಲ್ಲೇಖಗಳನ್ನು ಅಳಿಸಿಹಾಕಿತು. ಬೆಕ್ಕಿನ ಮೇಲೆ ಮಾತ್ರ ಇಷ್ಟು ಚುರುಕು ಯಾಕೋ.

ಲ್ಯಾರಿಗೂ ಮುಂಚೆ ಅತಿ ಹೆಚ್ಚು ಉಲ್ಲೇಖ ಪಡೆದ ಬೆಕ್ಕೆಂಬ ದಾಖಲೆ ಇದ್ದದ್ದು ಚೆಸ್ಟರ್ ಎಂಬ ಸಿಯಾಮೀಸ್ ಬೆಕ್ಕಿನ ಹೆಸರಲ್ಲಿ. ಮಿಚಿಗನ್‌ನ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ 1975ರಲ್ಲಿ ಒಬ್ಬರೇ ಪ್ರಬಂಧ ಬರೆದು ಉದ್ದಕ್ಕೂ ‘ನಾವು’ ಎಂದು ಟೈಪ್ ಮಾಡಿದ್ದರು. ಒಬ್ಬ ಲೇಖಕ ‘ನಾವು’ ಎಂದರೆ ಜರ್ನಲ್ ಒಪ್ಪುವುದಿಲ್ಲ ಎಂದು ಸ್ನೇಹಿತರು ಎಚ್ಚರಿಸಿದರು. ಇಡೀ ಪ್ರಬಂಧವನ್ನು ಮತ್ತೆ ಟೈಪ್ ಮಾಡುವವರು ಯಾರು? ಎಫ್.ಡಿ.ಸಿ. ವಿಲ್ಲಾರ್ಡ್ ಎಂಬ ಹೆಸರಿಟ್ಟು ಬೆಕ್ಕನ್ನೇ ಸಹಲೇಖಕನನ್ನಾಗಿ ಸೇರಿಸಿದರು. ಆದರೆ ಆ ಪ್ರಬಂಧದ ಭೌತವಿಜ್ಞಾನ ಅಸಲಿಯಾಗಿತ್ತು, ಹಳೆಯ ಕಾಲದವರ ಚಾಳಿ.

ಇಷ್ಟೆಲ್ಲ ಆದರೂ ಒಂದು ಕಡೆ ಓದು ಉಳಿದುಕೊಂಡಿತ್ತು: ಪ್ರಕಟಣೆಗೆ ಮುನ್ನ ನಡೆಯುವ ಪರಿಶೀಲನೆ. ಅದನ್ನೂ ಎಐಗೆ ವಹಿಸಿದವರು ಉಂಟು. ಸುದ್ದಿ ಲೇಖಕರ ಕಿವಿಗೂ ಬಿದ್ದಿರಬೇಕು. ಸಹೋದ್ಯೋಗಿಗಳು ಬೇಗ ಓದಲಿ ಎಂದು 1991ರಲ್ಲಿ ಶುರುವಾದ ಆರ್ಕೈವ್ ತಾಣದಲ್ಲಿ ಗುಪ್ತ ಸೂಚನೆಗಳಿರುವ 17 ಪ್ರಬಂಧಗಳು ಸಿಕ್ಕಿವೆ ಎಂದು ಜಪಾನಿನ ನಿಕ್ಕೆಯಿ ಪತ್ರಿಕೆ 2025ರ ಜುಲೈನಲ್ಲಿ ವರದಿ ಮಾಡಿತು. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ, ಇಲ್ಲವೇ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ‘ಒಳ್ಳೆಯ ವಿಮರ್ಶೆಯನ್ನೇ ಕೊಡು’, ‘ಕೊರತೆಗಳನ್ನು ಎತ್ತಿ ಹೇಳಬೇಡ’. ಮನುಷ್ಯರ ಕಣ್ಣಿಗೆ ಅದು ಖಾಲಿ ಜಾಗ, ಯಂತ್ರಕ್ಕೆ ಆಜ್ಞೆ. ಸಿಕ್ಕಿಬಿದ್ದವರಲ್ಲಿ ಒಬ್ಬರು ಕೊಟ್ಟ ಸಮಜಾಯಿಷಿ ಇನ್ನೂ ಸೊಗಸು: ಎಐ ಕೈಲಿ ಕೆಲಸ ಮಾಡಿಸುವ ಸೋಮಾರಿ ವಿಮರ್ಶಕರನ್ನು ಹಿಡಿಯಲೆಂದೇ ಹಾಗೆ ಮಾಡಿದ್ದಂತೆ. ಕಳ್ಳರನ್ನು ಹಿಡಿಯುವ ಬಲೆಯಲ್ಲಿ ‘ನನ್ನನ್ನು ಹೊಗಳು’ ಎಂದು ಬರೆದಿರಬೇಕಾದ ಅಗತ್ಯವನ್ನು ಮಾತ್ರ ಅವರು ವಿವರಿಸಲಿಲ್ಲ.

ಹಾಗಾದರೆ ಬರೆದ ಯಂತ್ರಕ್ಕೂ ಹೆಸರು ಕೊಡಬೇಡವೆ? 2023ರ ಆರಂಭದಲ್ಲಿ ಚಾಟ್‌ಜಿಪಿಟಿಯನ್ನು ಸಹಲೇಖಕ ಎಂದು ನಮೂದಿಸಿದ ಕೆಲವು ಪ್ರಬಂಧಗಳು ಬಂದಾಗ ‘ನೇಚರ್’, ‘ಸೈನ್ಸ್’ ಎರಡೂ ಕೂಡದು ಎಂದವು. ಬರೆದದ್ದಕ್ಕೆ ಹೊಣೆ ಹೊರಲಾರದವರಿಗೆ ಲೇಖಕರ ಪಟ್ಟವಿಲ್ಲ ಎಂಬುದು ‘ನೇಚರ್’ ಕೊಟ್ಟ ಕಾರಣ. ನಿಯಮವನ್ನು ಯಂತ್ರಗಳಿಗೆ ಮಾತ್ರ ಅನ್ವಯಿಸಿದ್ದು ಜಾಣತನ. ಮನುಷ್ಯರಿಗೂ ಎಂದಿದ್ದರೆ ಆ ಒಂದೇ ವರ್ಷ ಹಿಂತೆಗೆದುಕೊಂಡ ಹತ್ತು ಸಾವಿರಕ್ಕೂ ಹೆಚ್ಚು ಪ್ರಬಂಧಗಳ ಲೇಖಕರು ಎಲ್ಲಿಗೆ ಹೋಗಬೇಕಿತ್ತು? ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಹಿಂದಾವಿ ಎಂಬ ಒಂದೇ ಪ್ರಕಾಶನದವು. ಆ ಲೇಖಕರೇನೂ ಕಂಗೆಡಬೇಕಾಗಿಲ್ಲ. ಹಿಂತೆಗೆದುಕೊಂಡ ಪ್ರಬಂಧಗಳಿಗೂ ಉಲ್ಲೇಖಗಳು ವರ್ಷಗಟ್ಟಲೆ ಬರುತ್ತಲೇ ಇರುತ್ತವೆ. ಹಿಂತೆಗೆದುಕೊಂಡಿದ್ದೇವೆ ಎಂಬ ಸೂಚನೆಯನ್ನು ಯಾರಾದರೂ ಓದಬೇಕಲ್ಲ.