ಅಪ್ಪನ ಕಾಲಿಗೆ ಗೊತ್ತಾದ ರೈಲುದಾರಿ

ಹೋದ ಏಪ್ರಿಲ್‌ನಲ್ಲಿ ಅಪ್ಪ ಅರಸೀಕೆರೆಯಿಂದ ಬಂದಿದ್ದಾಗ ಒಂದು ಭಾನುವಾರ ಕ್ಯಾಲಿಫೋರ್ನಿಯಾದ ಆಪ್ಟಾಸ್ ಊರಿನ ಪಕ್ಕದ ನಿಸೀನ್ ಮಾರ್ಕ್ಸ್ ಕಾಡಿಗೆ ಕರೆದುಕೊಂಡು ಹೋಗಿದ್ದೆ. ಸನ್ನಿವೇಲ್‌ನ ನಮ್ಮ ಮನೆಯಿಂದ, ಹೈವೇ 17ರಲ್ಲಿ ಗಾಡಿಗಳು ಕಡಿಮೆ ಇದ್ದರೆ, ಒಂದು ಗಂಟೆಯ ದಾರಿ. ಜಾಗದ ಬಗ್ಗೆ ಅಪ್ಪನಿಗೆ ಏನೂ ಹೇಳಿರಲಿಲ್ಲ. ಹಳ್ಳದ ಪಕ್ಕ ಕಾಡುದಾರಿ ಇದೆ, ನೆರಳಿರುತ್ತೆ ಅಂದಿದ್ದೆ, ಅಷ್ಟೇ.

ಪೋರ್ಟರ್ ಪಿಕ್ನಿಕ್ ಜಾಗದ ಹತ್ತಿರ ಕಾರು ನಿಲ್ಲಿಸಿ, ಕಾಡ್ಗಿಚ್ಚು ಆರಿಸೋ ಗಾಡಿಗಳಿಗೆ ಅಂತ ಇರೋ ಅಗಲವಾದ ಫೈರ್ ರೋಡ್ ಬಿಟ್ಟು ಲೋಮಾ ಪ್ರಿಯೆಟಾ ಗ್ರೇಡ್ ಅನ್ನೋ ಕಿರುದಾರಿ ಹಿಡಿದೆವು. ಹತ್ತು ನಿಮಿಷ ನಡೆದಿರಬಹುದು, ಅಪ್ಪ ನಿಂತರು. ಹಿಂದೆ ನೋಡಿದರು, ಮುಂದೆ ನೋಡಿದರು. "ಇದು ಕಾಲುದಾರಿ ಅಲ್ಲ ಕಣಮ್ಮ. ರೈಲಿನ ಬ್ಯಾಂಕು." ಹಳಿ ಹಾಸೋಕೆ ಕಟ್ಟಿದ ಮಣ್ಣಿನ ಏರಿ ಅಂತ.

ಅಪ್ಪ ಮೂವತ್ತೈದು ವರ್ಷ ರೈಲ್ವೆಯಲ್ಲಿ ಹಳಿ ನೋಡಿಕೊಂಡವರು. ಬಹುಪಾಲು ಸಕಲೇಶಪುರದ ಘಾಟಿಯಲ್ಲೇ. ಹೇಗೆ ಗೊತ್ತಾಯ್ತು ಅಂತ ಕೇಳಿದೆ. ಜನ ತುಳಿದು ಮಾಡಿದ ದಾರಿ ಕಾಲಿಗೆ ಅನುಕೂಲ ಆದ ಹಾಗೆ ಏರುತ್ತೆ, ಇಳಿಯುತ್ತೆ, ಗಕ್ಕನೆ ತಿರುಗುತ್ತೆ; ರೈಲಿಗೆ ಅದು ಆಗೋದಿಲ್ಲ ಅಂದರು. ಅದಕ್ಕೆ ಒಂದೇ ಸಮನಾದ ಏರು ಬೇಕು, ತಿರುವು ಅಗಲವಾಗಿರಬೇಕು. ಅಲ್ಲಿ ಬಲಗಡೆ ಗುಡ್ಡವನ್ನು ನೇರವಾಗಿ ಕತ್ತರಿಸಿದ್ದು ಕಾಣುತ್ತಿತ್ತು. ಆ ಮಣ್ಣನ್ನೇ ತಂದು ಎಡಗಡೆ ತಗ್ಗಿಗೆ ತುಂಬಿದ್ದಾರೆ ಅಂತ ಕೈಮಾಡಿ ತೋರಿಸಿದರು. ನಾನು ಈ ದಾರಿಯಲ್ಲಿ ಆರೇಳು ಸಲ ನಡೆದಿದ್ದೆ. ಇತಿಹಾಸ ಓದಿಕೊಂಡಿದ್ದೆ. ಆದರೂ ಆ ಮಣ್ಣು ಆ ಗುಡ್ಡದ್ದು ಅಂತ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ರೈಲಿನ ಕತೆ ಇಷ್ಟು. 1883ರಿಂದ 1923ರವರೆಗೆ, ನಲವತ್ತು ವರ್ಷ, ಲೋಮಾ ಪ್ರಿಯೆಟಾ ಲಂಬರ್ ಕಂಪನಿ ಈ ಕಣಿವೆಯ ರೆಡ್‌ವುಡ್ ಮರಗಳನ್ನು ಕಡಿಯಿತು. ನಾಟಾ ಸಾಗಿಸೋಕೆ ಆಪ್ಟಾಸ್ ಹಳ್ಳದ ದಂಡೆ ಹಿಡಿದು ಹಳಿ ಮೇಲೆ ಹೋಯಿತು. ಗುಡ್ಡ ಕಡಿದು ಮಣ್ಣು ಹೊತ್ತವರಲ್ಲಿ ಚೀನಾದಿಂದ ಬಂದ ಕೂಲಿಯವರು ಬಹಳ ಮಂದಿ. ಅವರ ನೆನಪಾಗಿ ಉಳಿದಿರೋದು ಚೈನಾ ರಿಜ್ ಅನ್ನೋ ಒಂದು ಗುಡ್ಡಸಾಲಿನ ಹೆಸರು. ಒಟ್ಟು 14 ಕೋಟಿ ಬೋರ್ಡ್ ಫೂಟ್ ನಾಟಾ ಇಲ್ಲಿಂದ ಹೋಯಿತು ಅಂತ ಲೆಕ್ಕ. ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ ಅಂದರೆ ಒಂದು ಬೋರ್ಡ್ ಫೂಟ್. ಅಂಥ 14 ಕೋಟಿ ಹಲಗೆ! ಕಂಪನಿ ಹೊರಟಾಗ ಕಣಿವೆಯಲ್ಲಿ ಉಳಿದಿದ್ದು ಬುಡಗಳು, ಅಲ್ಲೊಂದು ಇಲ್ಲೊಂದು ಮುದಿ ಮರ.

ಆ ಬುಡಗಳ ಹತ್ತಿರ ನಿಂತು ನೋಡಬೇಕು. ನೆಲದಿಂದ ಆಳೆತ್ತರದಲ್ಲಿ ಒಂದೊಂದರಲ್ಲೂ ಕಣ್ಣಿನಂಥ ಎರಡು ಕಚ್ಚು ಇರುತ್ತವೆ. ಬುಡದ ಹತ್ತಿರ ಮರ ವಿಪರೀತ ದಪ್ಪ. ಅದಕ್ಕೆ ಆ ಕಚ್ಚುಗಳಲ್ಲಿ ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು, ಮೇಲಿನಿಂದ ಗರಗಸ ಎಳೆಯುತ್ತಿದ್ದರು. ನಾನು ಒಂದರೊಳಗೆ ಕೈ ಹಾಕಿ ನೋಡಿದೆ. ಮುಂಗೈ ಪೂರ್ತಿ ಒಳಗೆ ಹೋಯಿತು. ಒಳಗೆ ತಣ್ಣಗೆ, ಒದ್ದೆ, ಆದರೆ ಕಚ್ಚಿನ ಅಂಚು ಇನ್ನೂ ಮೊನಚಾಗಿದೆ. ನೂರು ವರ್ಷ ದಾಟಿದ ಕೊಡಲಿ ಏಟು! ರೆಡ್‌ವುಡ್ ಸುಲಭಕ್ಕೆ ಕೊಳೆಯೋ ಮರವಲ್ಲ. ಸುಲಭಕ್ಕೆ ಸಾಯೋ ಮರವೂ ಅಲ್ಲ. ಕಡಿದ ಬುಡದ ಸುತ್ತ ಅದೇ ಬೇರಿನಿಂದ ಚಿಗುರೊಡೆದು ಬೆಳೆದವು ಈಗ ಮುಗಿಲಿಗೆ ಹೋಗಿವೆ. ನಡುವೆ ತಾಯಿಬುಡ, ಸುತ್ತ ಉಂಗುರವಾಗಿ ಮಕ್ಕಳು. ಈಗ ನಾವು ನೋಡೋ ಕಾಡು ಬಹುಪಾಲು ಆ ಮಕ್ಕಳದ್ದೇ.

ಸ್ವಲ್ಪ ಮುಂದೆ ದಾರಿಗೆ ಅಡ್ಡಲಾಗಿ ಪಾಚಿ ಹಿಡಿದ ಮರದ ತುಂಡುಗಳು. ಬೇರು ಅಂದುಕೊಂಡು ನಾನು ದಾಟಿ ಹೋದೆ. ಅಪ್ಪ ಕೂತುಬಿಟ್ಟರು. ಸ್ಲೀಪರ್! ಹಳಿಯ ಕೆಳಗೆ ಅಡ್ಡ ಹಾಕೋ ಮರದ ತೊಲೆ. ಮಂಡಿಯೂರಿ, ಬೆರಳಲ್ಲಿ ಪಾಚಿ ಸರಿಸಿ, ಹಳಿ ಕೂತಿದ್ದ ಜಾಗ ಎಲ್ಲಿರಬಹುದು ಅಂತ ಸವರಿ ನೋಡಿದರು. ಆಮೇಲೆ ಸರಿಸಿದ ಪಾಚಿಯನ್ನು ವಾಪಸ್ ಮುಚ್ಚಿ ಅಂಗೈಯಲ್ಲಿ ಒತ್ತಿದರು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಆ ವಾರವೇ ಸ್ನೇಹಿತರ ಮನೆಯ ಯುಗಾದಿ ಊಟದಲ್ಲಿ ಈ ಮಾತು ಬಂತು. ಒಬ್ಬರು ಹೇಳಿದರು, "ಎಷ್ಟು ಒಳ್ಳೆ ಜಾಗ, ಸ್ವಲ್ಪ ಡೆವಲಪ್ ಮಾಡಬಾರದಾ? ಹಲಗೆ ಹಾಸಿ, ಕೈಗಂಬಿ ಹಾಕಿ, ಒಂದು ಕಾಫಿ ಅಂಗಡಿ ಇಟ್ಟರೆ ಮಕ್ಕಳು ಮರಿ ಎಲ್ಲ ಹೋಗಬಹುದು." ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ನಾನು ಆವತ್ತಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ನನ್ನ ಉತ್ತರ ಬೇಡ ಅಂತಲೇ.

ಮೊದಲನೇ ಕಾರಣ, ಕೊಟ್ಟವರ ಮಾತು. ನಿಸೀನ್ ಮಾರ್ಕ್ಸ್ ಸಲೀನಾಸ್‌ನ ಕೃಷಿಕ ಮನೆತನದ ಹೆಂಗಸು, ಕಾಡು ಅಂದರೆ ಪ್ರಾಣ. ಆಕೆಯ ಮಕ್ಕಳು 1963ರಲ್ಲಿ ಅಮ್ಮನ ನೆನಪಿಗೆ ಸುಮಾರು 9,700 ಎಕರೆ ಭೂಮಿಯನ್ನು ಕ್ಯಾಲಿಫೋರ್ನಿಯಾ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಇದನ್ನು ಅದರ ಪಾಡಿಗೆ ಬಿಡಬೇಕು, ಕಾಡು ತಾನೇ ಚೇತರಿಸಿಕೊಳ್ಳಬೇಕು ಅನ್ನೋದು ಅವರ ಇಚ್ಛೆ. ಒಂದು ಸಲ ಪೂರ್ತಿ ಬೋಳಿಸಿಕೊಂಡ ಕಣಿವೆಗೆ ಅದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಲಾರರು. ಆ ಮಾತಿಗೆ ನಾವು ಕಟ್ಟುಬೀಳಬೇಕು.

ಎರಡನೆಯದು ಅಪ್ಪ ಕಲಿಸಿದ್ದು. ಹಲಗೆ ಹಾಸಿದ್ದರೆ ಆ ಬ್ಯಾಂಕು ಅವರ ಕಾಲಿಗೆ ಸಿಗುತ್ತಿರಲಿಲ್ಲ. ಇಂಥ ದಾರಿಯನ್ನು ಕಾಲಲ್ಲಿ ಓದಬೇಕು. ಇದ್ದಕ್ಕಿದ್ದ ಹಾಗೆ ದಾರಿ ಮುರಿದು ಕೊರಕಲಿಗೆ ಇಳಿಯುತ್ತೆ, ಮತ್ತೆ ಆ ಕಡೆ ಅದೇ ಮಟ್ಟಕ್ಕೆ ಹತ್ತುತ್ತೆ. ಅಲ್ಲಿ ಮರದ ಕಂಬಗಳ ರೈಲು ಸೇತುವೆ ಇತ್ತು ಅನ್ನೋದಕ್ಕೆ ಆ ಇಳಿಜಾರೇ ಸಾಕ್ಷಿ. ಎರಡು ವರ್ಷದ ಹಿಂದೆ ಬ್ರಿಜ್ ಕ್ರೀಕ್ ಹಿಡಿದು ಮೇಪಲ್ ಜಲಪಾತಕ್ಕೆ ಹೋದಾಗ ಕೊನೇ ಅರ್ಧ ಮೈಲಿ ದಾರಿಯೇ ಇರಲಿಲ್ಲ. ಹಳ್ಳದೊಳಗೇ ಕಲ್ಲು ಹಿಡಿದು, ಬಿದ್ದ ಮರ ಹತ್ತಿ ಇಳಿದು ಹೋದೆ. ಒಂದು ಕಡೆ ಜಾರಿ ಬಿದ್ದು ಪಾದ ಉಳುಕಿ ಮೂರು ವಾರ ಕುಂಟಿದ್ದೆ. ಆ ಕಲ್ಲಿಗೆ ಕಬ್ಬಿಣದ ಮೆಟ್ಟಿಲು ಹಾಕಿ ಅಂತ ಇವತ್ತಿಗೂ ನಾನು ಕೇಳೋದಿಲ್ಲ. ನಾನು ಅವಸರ ಮಾಡಿದ್ದೆ, ಕಲ್ಲು ಒದ್ದೆಯಾಗಿತ್ತು.

ಇನ್ನು ಈ ನೆಲವಂತೂ ಸುಮ್ಮನಿರೋ ನೆಲವಲ್ಲ. ಸ್ಯಾನ್ ಆಂಡ್ರಿಯಾಸ್ ಬಿರುಕು ಇಲ್ಲೇ ಹಾದುಹೋಗುತ್ತೆ. 1906ರ ಭೂಕಂಪದಲ್ಲಿ ಹಿಂಕ್ಲಿ ಕಣಿವೆಯಲ್ಲಿ ಗುಡ್ಡ ಕುಸಿದು ಇದೇ ಕಂಪನಿಯ ಸಾಮಿಲ್ ಒಂದನ್ನು ಮುಚ್ಚಿಹಾಕಿತು, ಒಂಬತ್ತು ಜನ ಹೋದರು. 1989ರ ಅಕ್ಟೋಬರ್ 17ರ ಸಂಜೆ 5:04ಕ್ಕೆ ಆದ 6.9 ತೀವ್ರತೆಯ ಭೂಕಂಪದ ಕೇಂದ್ರಬಿಂದು ಈ ಪಾರ್ಕಿನೊಳಗೇ ಇದೆ. ಆಪ್ಟಾಸ್ ಹಳ್ಳದ ದಂಡೆಯಲ್ಲಿ ಅದಕ್ಕೊಂದು ಬೋರ್ಡು ಇಟ್ಟಿದ್ದಾರೆ. 63 ಜನರನ್ನು ಬಲಿ ತೆಗೆದುಕೊಂಡ, ಓಕ್‌ಲ್ಯಾಂಡ್‌ನಲ್ಲಿ ಎರಡಂತಸ್ತಿನ ಹೆದ್ದಾರಿಯನ್ನೇ ಕೆಡವಿದ ನಡುಕ ಅದು. ಅಪ್ಪ ಕೊರಕಲಿನ ಮಣ್ಣು ಪುಡಿಮಾಡಿ ನೋಡಿ, "ಇಲ್ಲಿ ಲೈನ್ ಇಟ್ಟುಕೊಂಡು ಮಳೆಗಾಲ ಕಳೆಯೋದು ನಮ್ಮ ಘಾಟಿಗಿಂತ ಕಷ್ಟ" ಅಂದರು. ರಾತ್ರಿ ಮಳೆಯಲ್ಲಿ ಲಾಟೀನು ಹಿಡಿದು ಗುಡ್ಡ ಜರಿದಿದೆಯಾ ಅಂತ ಹಳಿ ಮೇಲೆ ಗಸ್ತು ಹೋಗುವವರನ್ನು ಕಳಿಸಿ, ಅವರು ವಾಪಸ್ ಬರೋವರೆಗೂ ಎಚ್ಚರ ಇರುತ್ತಿದ್ದ ಮನುಷ್ಯನ ಮಾತದು. ಇಂಥ ಮಣ್ಣಿನ ಮೇಲೆ ಕಾಂಕ್ರೀಟ್ ಸುರಿದರೆ ಎಷ್ಟು ಮಳೆಗಾಲ ನಿಲ್ಲುತ್ತೆ?

ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಲೈನಿನದ್ದು ಬೇರೆ ಕತೆ. 1996ರಲ್ಲಿ ಗೇಜ್ ಬದಲಾವಣೆಗೆ, ಅಂದರೆ ಹಳಿಗಳ ನಡುವಿನ ಅಗಲ ಬದಲಿಸೋಕೆ ಅಂತ ರೈಲು ನಿಲ್ಲಿಸಿದ ಮೇಲೆ ಸುಮಾರು ಹತ್ತು ವರ್ಷ 57 ಸುರಂಗಗಳ ಆ ಹಳಿಯ ಮೇಲೆ ಹುಡುಗರು ನಡೆದದ್ದೇ ನಡೆದದ್ದು. ಕಾಲೇಜಿನಲ್ಲಿದ್ದಾಗ ನಾನೂ ಹೋಗಿದ್ದೆ, ಅಪ್ಪನಿಗೆ ತಿಳಿಸದೆ. ಈಗ ಅದು ಓಡುತ್ತಿರೋ ಲೈನು, ಅಲ್ಲಿ ನಡೆಯೋದು ತಪ್ಪು, ಜೀವಕ್ಕೂ ಅಪಾಯ. ಆವತ್ತು ಆಪ್ಟಾಸ್‌ನಲ್ಲಿ ನಡೆಯುತ್ತಾ ಅದನ್ನು ಅಪ್ಪನಿಗೆ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಯಾವ ಸೇತುವೆವರೆಗೆ ಹೋಗಿದ್ದೆ ಅಂತ ಕೇಳಿದರು.

ವಯಸ್ಸಾದವರು, ಎಳೆ ಮಕ್ಕಳು ಏನು ಮಾಡಬೇಕು ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಫೈರ್ ರೋಡ್ ಇದೆ. ಅಗಲ, ಹದವಾದ ಏರು, ಅದೇ ಹಳ್ಳದ ಸದ್ದು, ಅದೇ ಮರಗಳು. ಸೈಕಲ್ಲಿನವರಿಗೂ ಅದೇ ದಾರಿ. 74 ವರ್ಷದ ಅಪ್ಪ ಎರಡನೇ ಕೊರಕಲಿನ ಹತ್ತಿರ ಮಂಡಿ ನೋವು ಅಂದಾಗ ನಾವೂ ಹಿಂದೆ ತಿರುಗಿ ಫೈರ್ ರೋಡಿನಲ್ಲೇ ಇಳಿದೆವು. ಸಿಕ್ಕಷ್ಟಕ್ಕೆ ಅವರು ತೃಪ್ತಿಪಟ್ಟರು.

ಹೋಗೋರಿಗೆ: ಆಪ್ಟಾಸ್ ಊರೊಳಗೆ ಸೊಕೆಲ್ ಡ್ರೈವ್‌ನಿಂದ ಆಪ್ಟಾಸ್ ಕ್ರೀಕ್ ರೋಡ್ ಹಿಡಿಯಿರಿ. ಒಳಗೆ ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಮಳೆ ಬಂದ ಮೇಲೆ ದಾರಿ ತೆರೆದಿದೆಯಾ ಅಂತ ವಿಚಾರಿಸಿಯೇ ಹೊರಡಿ. ಶೂ ಹಿಡಿತ ಚೆನ್ನಾಗಿರಲಿ. ಹಳದಿ ಬಣ್ಣದ ದಪ್ಪ ಬಸವನಹುಳುಗಳು ದಾರಿಗೆ ಅಡ್ಡ ಬಂದಿರುತ್ತವೆ, ನೋಡಿ ಹೆಜ್ಜೆ ಇಡಿ. ಮುಂದಿನ ಶನಿವಾರ ನಾನು ಮತ್ತೆ ಹೋಗುತ್ತಿದ್ದೇನೆ. ಎರಡನೇ ಕೊರಕಲಿನ ಆ ಕಡೆ ಗುಡ್ಡ ಕತ್ತರಿಸಿದ ಕಟಿಂಗ್ ಎಷ್ಟು ಎತ್ತರ ಇದೆ ಅಂತ ಫೋಟೋ ತೆಗೆದು ಕಳಿಸು, ಪಕ್ಕದಲ್ಲಿ ನೀನೇ ನಿಂತುಕೋ, ಅಳತೆ ಗೊತ್ತಾಗಲಿ ಅಂತ ಅಪ್ಪ ಹೇಳಿದ್ದಾರೆ.