ಡಿಸ್‌ಪ್ಲೇ ಬದಲಾಯಿಸಲಿಕ್ಕೆ ನನ್ನ ಪ್ಯಾಟರ್ನ್ ಯಾಕೆ ಬೇಕು?

ಎರಡು ವಾರ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಮನೆಯಲ್ಲಿ ಹೇಳಿದರೆ "ಬಿಡು ಅತ್ಲಾಗೆ" ಅನ್ನುತ್ತಾರೆ. ಬಿಡಲಿಕ್ಕೆ ಆಗುತ್ತಿಲ್ಲ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ನನ್ನ ಕೆಲಸ ಅಂಧೇರಿ ಕಡೆ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹತ್ತಬೇಕು. ಅಲ್ಲಿ ಸೇತುವೆಯ ಮೇಲಿನ ನೂಕುನುಗ್ಗಲು ದಿನಾ ಓಡಾಡುವವರಿಗೆ ಗೊತ್ತು. ಅವತ್ತು ಯಾರದೋ ಬ್ಯಾಗಿನ ಪಟ್ಟಿಗೆ ಸಿಕ್ಕಿ ಕೈಯಿಂದ ಫೋನ್ ಬಿತ್ತು. ಹೆಕ್ಕುವಷ್ಟರಲ್ಲಿ ಎರಡು ಕಾಲು ಅದರ ಮೇಲೆ ಹೋಗಿದ್ದವು. ಗಾಜು ಒಡೆದಿತ್ತು, ಉದ್ದಕ್ಕೆ ಹಸಿರು ಗೆರೆಗಳು ಬಂದಿದ್ದವು. ಟಚ್ ಮಾತ್ರ ಇನ್ನೂ ಕೆಲಸ ಮಾಡುತ್ತಿತ್ತು. ಇದನ್ನು ನೆನಪಿಡಿ, ಮುಂದೆ ಹೇಳುತ್ತೇನೆ.

ಸಂಜೆ ವಾಪಸ್ ಬರುವಾಗ ಸ್ಟೇಷನ್ ಹತ್ತಿರದ ಒಂದು ರಿಪೇರಿ ಅಂಗಡಿಗೆ ಹೋದೆ. ಹೆಸರು ಹೇಳುವುದಿಲ್ಲ, ಯಾಕೆಂದರೆ ಇದು ಒಂದೇ ಅಂಗಡಿಯ ಕಥೆ ಅಲ್ಲ. ಹುಡುಗ ನೋಡಿ, "ಫೋಲ್ಡರ್ ಬದಲಾಯಿಸಬೇಕು ತಾಯಿ, ಎರಡು ತಾಸು ಬಿಟ್ಟು ಬನ್ನಿ" ಅಂದ. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಫೋಲ್ಡರ್ ಅಂದರೆ ಗಾಜು, ಡಿಸ್‌ಪ್ಲೇ, ಟಚ್ ಎಲ್ಲ ಸೇರಿದ ಭಾಗ. ರೇಟು ಹೇಳಿದ, ಒಪ್ಪಿದೆ. ಆಮೇಲೆ ಒಂದು ಸಣ್ಣ ಚೀಟಿ ಹರಿದ. ಹೆಸರು, ನಂಬರು, ಏನು ಕೆಲಸ ಅಂತ ಬರೆಯಲು ಗೆರೆ ಇತ್ತು. ಅದರ ಕೆಳಗೆ ಒಂಬತ್ತು ಚುಕ್ಕಿ. ಮುಂಚೆಯೇ ಪ್ರಿಂಟ್ ಹಾಕಿಸಿದ್ದು! ಫೋನಿನ ಬೀಗ ತೆಗೆಯುವ ನನ್ನ ಪ್ಯಾಟರ್ನನ್ನು ಪೆನ್ನಿನಲ್ಲಿ ಎಳೆದು ಕೊಡಬೇಕಂತೆ.

"ಡಿಸ್‌ಪ್ಲೇ ಹಾಕಲಿಕ್ಕೆ ಇದು ಯಾಕೆ?" ಅಂತ ಕೇಳಿದೆ. "ಟೆಸ್ಟಿಂಗ್‌ಗೆ" ಅಂದ. ಹಿಂದೆ ನಾಲ್ಕು ಜನ ನಿಂತಿದ್ದರು. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಎಳೆದು ಕೊಟ್ಟೆ. ಆ ಚೀಟಿಯನ್ನು ಅವನು ಸೆಲ್ಲೋಟೇಪ್ ಹಾಕಿ ಫೋನಿನ ಬೆನ್ನಿಗೆ ಅಂಟಿಸಿ ಕೌಂಟರಿನ ಗಾಜಿನ ಕೆಳಗೆ ಇಟ್ಟ. ಅಲ್ಲಿ ಆಗಲೇ ಏಳೆಂಟು ಫೋನು ಇದ್ದವು. ಎಲ್ಲದರ ಬೆನ್ನಿಗೂ ಚೀಟಿ, ಎಲ್ಲದರಲ್ಲೂ ಗೆರೆ ಎಳೆದ ಒಂಬತ್ತು ಚುಕ್ಕಿ. ಚಾರ್ಜರ್ ಕೊಳ್ಳಲು ಬಂದವರಿಗೂ ಕಾಣುತ್ತಿತ್ತು.

ಒಂಬತ್ತು ಗಂಟೆಗೆ ವಾಪಸ್ ಹೋದೆ. ಫೋನ್ ಗಾಜಿನ ಕೆಳಗೆ ಇರಲಿಲ್ಲ. ಒಳಗಿನ ಬೆಂಚಿನ ಮೇಲೆ ಇನ್ನೊಬ್ಬ ಹುಡುಗ ಕೂತಿದ್ದ, ನನ್ನ ಫೋನ್ ಅವನ ಕೈಯಲ್ಲಿತ್ತು. ಗ್ಯಾಲರಿ ತೆರೆದಿತ್ತು. ಒಂದೊಂದೇ ಫೋಟೋ ಬೆರಳಲ್ಲಿ ಸರಿಸುತ್ತಿದ್ದ. ಆ ಹೊತ್ತಿಗೆ ಪರದೆಯ ಮೇಲೆ ಇದ್ದದ್ದು ನಮ್ಮ ಅಮ್ಮನ ಆಪರೇಷನ್ ಗಾಯದ ಫೋಟೋ.

ಅಮ್ಮ ಕುಂದಾಪುರದವರು. ಆಪರೇಷನ್ ಆದ ಮೇಲೆ ನಮ್ಮಲ್ಲಿಗೆ ಕರೆದುಕೊಂಡು ಬಂದಿದ್ದೇವೆ. ಹೊಟ್ಟೆಯ ಹೊಲಿಗೆ ಒಣಗುತ್ತಿದೆಯಾ ಅಂತ ಅಲ್ಲಿನ ಡಾಕ್ಟರಿಗೆ ಎರಡು ದಿನಕ್ಕೊಮ್ಮೆ ಫೋಟೋ ಕಳಿಸಬೇಕಿತ್ತು. ಅಮ್ಮ ಎಂಥವರು ಅಂದರೆ, ನನ್ನೆದುರಿಗೆ ಸೀರೆ ಬದಲಾಯಿಸಲಿಕ್ಕೂ ಬಾಗಿಲು ಹಾಕಿಕೊಳ್ಳುವವರು. ಮೊದಲ ಫೋಟೋ ತೆಗೆಯುವಾಗ ಕಣ್ಣು ಮುಚ್ಚಿಕೊಂಡು ಮಲಗಿದ್ದರು. "ಡಾಕ್ಟರು ಬಿಟ್ಟು ಬೇರೆ ಯಾರೂ ನೋಡೋದಿಲ್ಲ ಅಲ್ವಾ?" ಅಂತ ಕೇಳಿದ್ದರು. ನೋಡೋದಿಲ್ಲ ಅಂತ ನಾನು ಮಾತು ಕೊಟ್ಟಿದ್ದೆ.

ಫೋನ್ ಕಸಿದುಕೊಂಡೆ. ಕೂಗಿದೆ ಕೂಡ. ಆ ಹುಡುಗ "ಟಚ್ ಚೆಕ್ ಮಾಡ್ತಿದ್ದೆ" ಅಂದ. ಮಾಲೀಕ ತಲೆಯನ್ನೂ ಎತ್ತದೆ, "ಸಬ್ ದೇತೇ ಹೈಂ ಮ್ಯಾಡಮ್" ಅಂದ. ಎಲ್ಲರೂ ಕೊಡುತ್ತಾರಂತೆ.

ನನಗೆ ಹೆಚ್ಚು ಸಿಟ್ಟು ಬಂದಿದ್ದು ಆ ಮಾತಿಗೆ. ಎಲ್ಲರೂ ಕೊಡುತ್ತಾರೆ, ನಿಜ. ಯಾಕೆಂದರೆ ನೀವು ಚೀಟಿಯಲ್ಲೇ ಪ್ರಿಂಟ್ ಹಾಕಿಸಿ ಇಟ್ಟಿದ್ದೀರಿ. ಕೊಡದಿದ್ದರೆ ಕೆಲಸ ಆಗುವುದಿಲ್ಲ ಅಂತ ಜನ ನಂಬುವ ಹಾಗೆ ಮಾಡಿದ್ದೀರಿ.

ಟಚ್ ಸರಿ ಇದೆಯಾ ಅಂತ ನೋಡಲು ಬೀಗ ತೆಗೆಯಬೇಕಾಗಿಯೇ ಇಲ್ಲ. ಲಾಕ್ ಇದ್ದಾಗಲೂ ಎಮರ್ಜೆನ್ಸಿ ಕಾಲ್ ಒತ್ತಿದರೆ ನಂಬರಿನ ಕೀಪ್ಯಾಡ್ ಬರುತ್ತದೆ, ಎಲ್ಲಾ ಗುಂಡಿ ಒತ್ತಿ ನೋಡಬಹುದು. ಜಾಸ್ತಿ ಫೋನುಗಳಲ್ಲಿ ಕ್ಯಾಮೆರಾನೂ ಲಾಕ್ ತೆಗೆಯದೆ ತೆರೆಯುತ್ತದೆ, ಆಗ ಹಳೆಯ ಫೋಟೋಗಳು ಕಾಣುವುದಿಲ್ಲ. ಬಣ್ಣ, ಬೆಳಕು, ಗೆರೆ ಎಲ್ಲ ಅಲ್ಲೇ ತಿಳಿಯುತ್ತದೆ. ಇನ್ನೂ ಸಂಶಯ ಇದ್ದರೆ ಗಿರಾಕಿ ಬಂದ ಮೇಲೆ ಅವರ ಕೈಯಲ್ಲೇ ಲಾಕ್ ತೆಗೆಸಿ, ಅವರ ಎದುರಿಗೇ ನೋಡಬಹುದು. ಎರಡು ನಿಮಿಷದ ಕೆಲಸ. ಸಿಂಕಿನ ನಲ್ಲಿ ಸರಿ ಮಾಡಲು ಬಂದವನು ಕಪಾಟಿನ ಕೀಲಿ ಕೇಳಿದರೆ ಕೊಡುತ್ತೇವಾ?

ಇದು ನಮ್ಮ ಊರಿನ ಸಣ್ಣ ಅಂಗಡಿಗಳ ರೋಗ ಅಂತಲೂ ಅಂದುಕೊಳ್ಳಬೇಡಿ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2022ರಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಯಾರು ಏನು ತೆರೆದರು ಅಂತ ದಾಖಲಾಗುವ ಹಾಗೆ ಮಾಡಿ ಲ್ಯಾಪ್‌ಟಾಪುಗಳನ್ನು 16 ರಿಪೇರಿ ಕಡೆ ಕೊಟ್ಟರು. ಆರು ಕಡೆ ಖಾಸಗಿ ಫೈಲುಗಳನ್ನು ತೆರೆದು ನೋಡಿದ್ದರು. ಎರಡು ಕಡೆ ಹೊರಗಿನ ಡ್ರೈವಿಗೆ ಕಾಪಿಯನ್ನೂ ಮಾಡಿಕೊಂಡಿದ್ದರು. ನನ್ನ ಫೋನಿನಿಂದ ಏನಾದರೂ ಕಾಪಿ ಆಗಿದೆಯಾ? ತಿಳಿಯಲು ದಾರಿ ಇಲ್ಲ. ಎರಡು ತಾಸು ಅದು ಅವರ ಹತ್ತಿರ ಬೀಗ ತೆಗೆದು ಇತ್ತು, ಅಷ್ಟೇ ಗೊತ್ತು.

ಮನೆಗೆ ಬಂದು ಹೇಳಿದರೆ ಇವರು, "ನಿನ್ನ ಫೋನಲ್ಲಿ ಅಂಥದ್ದು ಏನಿದೆ ಮಾರಾಯ್ತಿ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಸಮಾಧಾನ ಮಾಡಲಿಕ್ಕೆ. ಆದರೆ ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಹೆದರಿಕೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಸ್ನಾನದ ಮನೆಗೆ ಚಿಲಕ ಹಾಕಿಕೊಳ್ಳುವವರು ಒಳಗೆ ಕಳ್ಳತನ ಮಾಡುತ್ತಿರುತ್ತಾರಾ?

ಏನಿದೆ ಅಂತ ಕೇಳಿದಿರಲ್ಲ, ಹೇಳುತ್ತೇನೆ. ಅಮ್ಮನ ರಿಪೋರ್ಟುಗಳಿವೆ. ಮಗಳ ಶಾಲೆಯ ಐಡಿ ಕಾರ್ಡ್, ಅವಳ ಬಸ್ ನಿಲ್ಲುವ ಜಾಗ, ಹೊತ್ತು ಇವೆ. ಮನೆಮಂದಿ ಎಲ್ಲರ ಆಧಾರ್, ಪ್ಯಾನ್ ಫೋಟೋಗಳಿವೆ, ಯಾಕೆಂದರೆ ಎಲ್ಲಿ ಹೋದರೂ ಕೇಳುತ್ತಾರೆ. ಬ್ಯಾಂಕಿನ ಮೆಸೇಜುಗಳಿವೆ. ಡೆಬಿಟ್ ಕಾರ್ಡಿನದೂ ಒಂದು ಫೋಟೋ ಇತ್ತು, ಅದು ನನ್ನ ತಪ್ಪು. ಮತ್ತೆ ಸಿಮ್ ಅದರಲ್ಲೇ ಇತ್ತು. ಅಂದರೆ ಓಟಿಪಿ ಬರುವುದೂ ಅದೇ ಫೋನಿಗೆ. ಯುಪಿಐ ಪಿನ್ ಗೊತ್ತಿಲ್ಲದಿದ್ದರೆ ದುಡ್ಡು ಹೋಗುವುದಿಲ್ಲ ಅಂತ ನಾವೆಲ್ಲ ಧೈರ್ಯವಾಗಿ ಇರುತ್ತೇವೆ. ಆದರೆ ಆಧಾರ್ ನಂಬರು ಮತ್ತು ಓಟಿಪಿ ಬಳಸಿ ಹೊಸ ಪಿನ್ ಹಾಕಿಕೊಳ್ಳುವ ಸೌಕರ್ಯ ಎಷ್ಟೋ ಬ್ಯಾಂಕುಗಳಲ್ಲಿದೆ. ಆಧಾರ್ ಗ್ಯಾಲರಿಯಲ್ಲಿ, ಓಟಿಪಿ ಮೆಸೇಜಿನಲ್ಲಿ, ಎರಡೂ ಒಂದೇ ಚೀಟಿಯ ಒಂಬತ್ತು ಚುಕ್ಕಿಯ ಹಿಂದೆ.

ಇಷ್ಟೆಲ್ಲ ನನ್ನದು, ನಾನು ಅನುಭವಿಸಿಯೇನು. ಆದರೆ ನನ್ನ ಫೋನಿನಲ್ಲಿ ಇರುವುದು ನನ್ನದಷ್ಟೇ ಅಲ್ಲ. ನನಗೊಬ್ಬಳು ಗೆಳತಿ ಇದ್ದಾಳೆ, ಮೀರಾ ರೋಡಿನಲ್ಲಿ. ಅವಳ ಮನೆಯಲ್ಲಿ ಏನು ನಡೆಯುತ್ತದೆ ಅಂತ ಅವಳ ಅಣ್ಣನಿಗೂ ಗೊತ್ತಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನನಗೆ ವಾಟ್ಸ್ಆ್ಯಪಿನಲ್ಲಿ ಬರೆಯುತ್ತಾಳೆ. ಒಮ್ಮೆ ತೋಳಿನ ಫೋಟೋ ಕಳಿಸಿದ್ದಳು. ಅವಳು ಕಳಿಸಿದ್ದು ನನಗೆ. ಡೊಂಬಿವಲಿ ಸ್ಟೇಷನ್ ಹತ್ತಿರ ಬೆಂಚಿನ ಮೇಲೆ ಕೂತ ಹುಡುಗನಿಗೆ ಅಲ್ಲ.

ಮರುದಿನ ನಮ್ಮ ಸಂಘದ ಹೆಂಗಸರ ಗುಂಪಿನಲ್ಲಿ ಈ ವಿಷಯ ತೆಗೆದೆ. ಎಲ್ಲರದೂ ಒಂದೊಂದು ಕಥೆ ಇತ್ತು. ವಾಶಿಯ ಒಬ್ಬರು ಅಂಗಡಿಗೆ ಕೊಟ್ಟ ನಾಲ್ಕು ಅಂಕಿಯೇ ಅವರ ಎಟಿಎಂ ಪಿನ್ ಕೂಡ. ಮುಲುಂಡಿನ ಅತ್ತಿಗೆಯೊಬ್ಬರು ಬ್ಯಾಟರಿ ಹಾಕಿಸಲು ಕೂಡ ಪಾಸ್‌ವರ್ಡ್ ಕೊಟ್ಟು ಬಂದಿದ್ದರು. "ಕೇಳಿದರು, ಕೊಟ್ಟೆ" ಅಂದರು. ಬ್ಯಾಟರಿಗೂ ಪಾಸ್‌ವರ್ಡಿಗೂ ಏನು ಸಂಬಂಧ ಅಂತ ಅವರಿಗೆ ಯಾರೂ ಹೇಳಿಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರು. ಆ ತೀರ್ಪಿನ ಮೇಲೆ ಇರುವುದು ನಮ್ಮವರ ಹೆಸರು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದವರು. 2012ರಲ್ಲಿ ಆಧಾರ್ ವಿಷಯಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಅವರು ಹೋರಾಡಿ ತಂದುಕೊಟ್ಟದ್ದನ್ನು ನಾವು ಸೆಲ್ಲೋಟೇಪಿನಲ್ಲಿ ಅಂಟಿಸಿ ಕೊಡುತ್ತಿದ್ದೇವೆ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಅದರಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ, ಓದಿ ನನಗೆ ಖುಷಿಯಾಯಿತು. ಫೋನಿನಲ್ಲೇ ಡಾಕ್ಟರ ಸಲಹೆ ಕೊಡುವ ಆ್ಯಪ್ ಒಂದು ಹೆಂಗಸಿನ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ, ಅವಳು ಒಪ್ಪುತ್ತಾಳೆ. ಒಪ್ಪಿದ್ದರೂ ಆ ಒಪ್ಪಿಗೆ ಚಿಕಿತ್ಸೆಗೆ ಬೇಕಾದಷ್ಟಕ್ಕೇ ಸೀಮಿತ, ಕಾಂಟ್ಯಾಕ್ಟ್ ಪಟ್ಟಿ ಅದಕ್ಕೆ ಬೇಕಿಲ್ಲ ಅನ್ನುತ್ತದೆ ಕಾಯ್ದೆ. ನಾನು ಹೇಳುತ್ತಿರುವುದೂ ಅದನ್ನೇ. ನಾನು ಒಪ್ಪಿದ್ದು ಗಾಜು ಬದಲಾಯಿಸಲಿಕ್ಕೆ. ಆದರೆ ಕಾಯ್ದೆಯ ನಿಯಮಗಳು ಹೊರಬರಲು 2025ರ ನವೆಂಬರ್ ಆಯಿತು, ಮುಖ್ಯ ಭಾಗಗಳಿಗೆ ಅಲ್ಲಿಂದ ಮತ್ತೆ 18 ತಿಂಗಳ ಗಡುವು. ಅಷ್ಟರಲ್ಲಿ ಇನ್ನೆಷ್ಟು ಚೀಟಿ ಅಂಟಿಸಿರುತ್ತಾರೋ!

ಈಗ ಟಚ್ ಕೆಲಸ ಮಾಡುತ್ತಿತ್ತು ಅಂದೆನಲ್ಲ, ಅದರ ವಿಷಯ. ನನ್ನದು ಸ್ಯಾಮ್‌ಸಂಗ್. ಅದರ ಸೆಟ್ಟಿಂಗ್ಸ್‌ನಲ್ಲಿ, ಡಿವೈಸ್ ಕೇರ್ ಒಳಗೆ, ಮೆಂಟೆನೆನ್ಸ್ ಮೋಡ್ ಅಂತ ಒಂದಿದೆ. ಅದನ್ನು ಆನ್ ಮಾಡಿದರೆ ಫೋನ್ ಒಮ್ಮೆ ರೀಸ್ಟಾರ್ಟ್ ಆಗಿ ಹೊಸ ಫೋನಿನ ಹಾಗೆ ಖಾಲಿ ತೆರೆಯುತ್ತದೆ. ಫೋಟೋ, ಮೆಸೇಜ್, ಅಕೌಂಟ್ ಯಾವುದೂ ಕಾಣುವುದಿಲ್ಲ. ರಿಪೇರಿಯವರು ಏನು ಬೇಕಾದರೂ ಟೆಸ್ಟ್ ಮಾಡಲಿ. ವಾಪಸ್ ತರಬೇಕಾದರೆ ನಮ್ಮ ಬೀಗವೇ ಬೇಕು, ನಮ್ಮದೆಲ್ಲ ಇದ್ದ ಹಾಗೇ ಸಿಗುತ್ತದೆ. 2022ರ ಕೊನೆಯಿಂದಲೇ ಇದು ಬರತೊಡಗಿದೆ. ಗೂಗಲ್ ಪಿಕ್ಸೆಲ್ ಫೋನುಗಳಿಗೂ 2023ರ ಡಿಸೆಂಬರಿನಲ್ಲಿ ರಿಪೇರಿ ಮೋಡ್ ಅಂತ ಕೊಟ್ಟರು. ನನ್ನ ಫೋನಿನಲ್ಲಿ ಅದು ಇತ್ತು. ಅವತ್ತು ಕೌಂಟರಿನಲ್ಲಿ ನಿಂತು ಒಂದು ನಿಮಿಷದಲ್ಲಿ ಆನ್ ಮಾಡಬಹುದಿತ್ತು. ನನಗೆ ತಿಳಿದದ್ದು ಮರುದಿನ, ಆಫೀಸಿನ ಹುಡುಗಿ ಹೇಳಿದಾಗ.

ಹೊಸ ಫೋನು ತೆಗೆದುಕೊಳ್ಳಿ, ಇಎಂಐ ಇದೆ, ಎಕ್ಸ್‌ಚೇಂಜ್ ಇದೆ ಅಂತ ದಿನಕ್ಕೆ ಹತ್ತು ಮೆಸೇಜ್ ಬರುತ್ತವೆ. ರಿಪೇರಿಗೆ ಕೊಡುವ ಮುಂಚೆ ಇದನ್ನು ಆನ್ ಮಾಡಿ ಅಂತ ಒಂದೇ ಒಂದು ಮೆಸೇಜ್ ಯಾಕೆ ಬರುವುದಿಲ್ಲ? ಆ ಅಂಗಡಿಯ ಚೀಟಿಯಲ್ಲಿ ಒಂಬತ್ತು ಚುಕ್ಕಿಯ ಬದಲು ಈ ಒಂದು ಸಾಲು ಪ್ರಿಂಟ್ ಹಾಕಿಸಲು ಎಷ್ಟು ಖರ್ಚು?

ಇನ್ನು ಕೆಲವರು "ಬ್ಯಾಕಪ್ ತೆಗೆದು ಫಾರ್ಮ್ಯಾಟ್ ಮಾಡಿ ಕೊಡಬೇಕಿತ್ತು" ಅಂತ ನನಗೇ ಬುದ್ಧಿ ಹೇಳಿದರು. ಒಡೆದ ಗಾಜಿನ ಮೇಲೆ, ರಾತ್ರಿ ಏಳು ಗಂಟೆಗೆ, ಸ್ಟೇಷನ್ ಹೊರಗೆ ನಿಂತು ಬ್ಯಾಕಪ್ ತೆಗೆಯುವುದು ಹೇಗೆ? ಅಮ್ಮನಂಥವರು ಮಾಡುವುದು ಹೇಗೆ? ಅಂಗಡಿಯವನಿಗೆ ಯಾರೂ ಬುದ್ಧಿ ಹೇಳಲಿಲ್ಲ ನೋಡಿ.

ಅವತ್ತು ರಾತ್ರಿ ಒಂದು ಗಂಟೆಯವರೆಗೆ ಕೂತೆ. ಪ್ಯಾಟರ್ನ್ ತೆಗೆದು ಆರು ಅಂಕಿಯ ಪಿನ್ ಹಾಕಿದೆ. ವಾಟ್ಸ್ಆ್ಯಪಿನ ಲಿಂಕ್ಡ್ ಡಿವೈಸಸ್ ನೋಡಿದೆ. ನಮ್ಮ ಫೋನಿನಿಂದ ಒಮ್ಮೆ ಸ್ಕ್ಯಾನ್ ಮಾಡಿಕೊಂಡರೆ ಬೇರೆಯವರ ಕಂಪ್ಯೂಟರಿನಲ್ಲಿ ನಮ್ಮ ಮಾತುಕತೆ ಓಡುತ್ತಲೇ ಇರುತ್ತದೆ, ಅದಕ್ಕೆ. ಪುಣ್ಯಕ್ಕೆ ಯಾವುದೂ ಇರಲಿಲ್ಲ. ಗೂಗಲ್ ಅಕೌಂಟಿನಲ್ಲಿ ಎಲ್ಲೆಲ್ಲಿ ಲಾಗಿನ್ ಆಗಿದೆ ಅಂತ ನೋಡಿದೆ, ಪಾಸ್‌ವರ್ಡ್ ಬದಲಿಸಿದೆ. ಯುಪಿಐ ಪಿನ್ ಬದಲಿಸಿದೆ. ಕಾರ್ಡಿನ ಫೋಟೋ ಅಳಿಸಿದೆ. ಗೊತ್ತಿಲ್ಲದ ಆ್ಯಪ್ ಏನಾದರೂ ಕೂತಿದೆಯಾ ಅಂತ ಒಂದೊಂದಾಗಿ ಹುಡುಕಿದೆ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು ಅಂತ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದೆ. ದುಡ್ಡೇನೂ ಹೋಗಿಲ್ಲ. "ಮತ್ತೆ ಏನು ಹೋಯ್ತು ನಿಂದು?" ಅಂತ ಇವರು ಮತ್ತೆ ಕೇಳಿದರು.

ಗೆಳತಿಗೆ ಹೇಳದೆ ಇರಬಹುದಿತ್ತು. ಎರಡು ದಿನ ಯೋಚನೆ ಮಾಡಿದೆ, ಹೇಳದಿದ್ದರೆ ತಪ್ಪು ಅನ್ನಿಸಿತು. ಫೋನ್ ಮಾಡಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. "ಓದಿರಲಿಕ್ಕಿಲ್ಲ ಬಿಡೇ, ಕನ್ನಡದಲ್ಲಿ ಇತ್ತಲ್ಲ" ಅಂದಳು. ಫೋಟೋ ವಿಷಯ ಇಬ್ಬರೂ ಎತ್ತಲಿಲ್ಲ. ಅದಾದ ಮೇಲೆ ಗಣಪತಿಯ ಚಿತ್ರ, ಶುಭೋದಯ ಕಳಿಸುತ್ತಾಳೆ. ರಾತ್ರಿ ಮೆಸೇಜ್ ಬಂದಿಲ್ಲ. ಅವಳು ಹೇಳಿಕೊಳ್ಳಲು ಇದ್ದದ್ದು ನಾನೊಬ್ಬಳೇ.

ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಈಗ ಅಮ್ಮನ ಫೋನಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದೆ, ಈ ವಾರವೇ ಬದಲಾಯಿಸಬೇಕು. ಅದು ಹಳೆಯ ಫೋನು, ಮೆಂಟೆನೆನ್ಸ್ ಮೋಡ್ ಇಲ್ಲ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟಿದ್ದೇನೆ. ಕಲ್ಯಾಣ ಮತ್ತು ಥಾಣೆ ಸ್ಟೇಷನ್‌ಗಳ ನಡುವೆ, ಬೀಗ ಕೇಳದೆ, ಗಿರಾಕಿಯ ಎದುರಿಗೇ ಬಿಚ್ಚಿ ಎದುರಿಗೇ ಕೂಡಿಸಿ ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಎಷ್ಟು ಹೊತ್ತು ಆದರೂ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿರುತ್ತೇನೆ.