ಒಂದೇ ಅಂಜಲ್‌ಗೆ ಮೂರು ಹೆಸರು

ಬೆಳಗ್ಗೆ ಏಳೂವರೆಗೆ ಮಲ್ಪೆಯಿಂದ ಫೋನು. ನಾವು ನೋಡಿಕೊಳ್ಳುವ ಮೀನಿನ ವೆಬ್‌ಸೈಟಿನ ಮಾಲೀಕರು. "ಮಾರಾಯ್ರೆ, ಅಂಜಲ್ ರೇಟು ನಾನು ಆರು ಗಂಟೆಗೇ ಬದಲಾಯಿಸಿದ್ದೇನೆ. ಹೋಮ್ ಪೇಜಲ್ಲಿ ಇನ್ನೂ ನಿನ್ನೆದೇ ಉಂಟಲ್ಲ?"

ಕಿಲೋಗೆ 800 ಇದ್ದದ್ದು 950 ಆಗಿತ್ತು. ಅಷ್ಟರಲ್ಲಿ ಏಳು ಆರ್ಡರ್ ಹಳೆ ರೇಟಿಗೇ ಬಿದ್ದಿದ್ದವು. ತೋರಿಸಿದ ರೇಟಿಗೇ ಕೊಡಬೇಕಲ್ವಾ ಅಂತ ಅವರು ಆ ನಷ್ಟವನ್ನು ತಮ್ಮ ಮೇಲೆ ಹಾಕಿಕೊಂಡರು. ನಮ್ಮ ತಪ್ಪಿಗೆ ಅವರ ದುಡ್ಡು. ಬೆಳಗ್ಗೆಯಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ.

ಮಂಗಳೂರಿನ ಬಿಜೈ ಆಫೀಸಿಗೆ ಬಂದು, ಸೈಟಿನ ಕ್ಯಾಷ್ ಇಡುವ ರೆಡಿಸ್ ಅನ್ನುವ ಸಾಫ್ಟ್‌ವೇರ್ ತೆಗೆದು ನೋಡಿದೆವು. ಒಂದೇ ಮೀನು ಮೂರು ಹೆಸರಲ್ಲಿ ಕೂತಿತ್ತು. ಒಂದು ಕಡೆ 'ಪ್ರಾಡಕ್ಟ್_12'. ಇನ್ನೊಂದು ಕಡೆ 'ಪ್ರಾಡಕ್ಟ್-12'. ಮತ್ತೊಂದು ಕಡೆ 'ಪ್ರಾಡ್:12'. ಮೂರು ವರ್ಷದಲ್ಲಿ ಮೂರು ಜನ, ಅವರವರಿಗೆ ತೋಚಿದ ಹೆಸರು. ರೇಟು ಬದಲಾಯಿಸಿದಾಗ ಕೋಡ್ ಮೊದಲನೆಯದನ್ನು ಮಾತ್ರ ಅಳಿಸುತ್ತದೆ. ಹೋಮ್ ಪೇಜ್ ಮತ್ತು ಕಾರ್ಟ್ ಓದುವುದು ಎರಡನೆಯದನ್ನು. ಅದಕ್ಕೆ 24 ಗಂಟೆ ಆಯುಷ್ಯ. ಇನ್ನು ಹಳೆ ರೇಟು ಹೋಗುವುದು ಹೇಗೆ?

ಕ್ಯಾಷ್ ಅಂದರೆ ಇಷ್ಟೇ: ಡೇಟಾಬೇಸಿಗೆ ಪದೇಪದೇ ಹೋಗುವ ಬದಲು ಒಮ್ಮೆ ತಂದ ಆಬ್ಜೆಕ್ಟನ್ನು ಮೆಮೊರಿಯಲ್ಲಿ ಒಂದು ಹೆಸರು ಕೊಟ್ಟು ಇಟ್ಟುಕೊಳ್ಳುವುದು. ಇಡುವಾಗ ಆ ಹೆಸರು, ತೆಗೆಯುವಾಗ ಆ ಹೆಸರು, ಅಳಿಸುವಾಗಲೂ ಅದೇ ಹೆಸರು. ಈ ಹೆಸರಿಗೇ ಕೀ ಅನ್ನುವುದು. ಬೇರೆ ಗುರುತೇ ಇಲ್ಲ. ಒಂದು ಗೆರೆ ಬದಲಾದರೆ ಕಂಪ್ಯೂಟರಿಗೆ ಅದು ಬೇರೆಯೇ ವಸ್ತು. ಎರರ್ ಕೂಡ ಬರುವುದಿಲ್ಲ. ಸುಮ್ನೆ ಹಳೆಯದನ್ನು ತೋರಿಸುತ್ತಾ ಕೂರುತ್ತದೆ.

ನನಗೆ ಸಿಟ್ಟು ಬಂದದ್ದು ಯಾಕೆ ಗೊತ್ತಾ? ಹೋದ ವಾರವಷ್ಟೇ ನಾವು ಕೋಡಿನಲ್ಲಿ ಬ್ರೇಸ್, ಅಂದರೆ ಸುರುಳಿ ಆವರಣ, ಎಲ್ಲಿ ಹಾಕಬೇಕು ಅಂತ ಒಂದು ಗಂಟೆ ಮೀಟಿಂಗ್ ಮಾಡಿದ್ದೆವು. ಅದನ್ನು 2019ರಲ್ಲೇ ಪಿಎಸ್‌ಆರ್-12 ಅನ್ನುವ, ಪಿಎಚ್‌ಪಿ ಭಾಷೆಯ ಕೋಡ್ ಬರೆಯುವ ಶೈಲಿಯ ನಿಯಮಾವಳಿ ಬರೆದಿಟ್ಟಿದೆ. ಕ್ಲಾಸ್, ಮೆಥಡ್‌ಗಳದ್ದು ಮುಂದಿನ ಸಾಲಿಗೆ, ಇಫ್‌ನದ್ದು ಅದೇ ಸಾಲಿಗೆ, ಇಂಡೆಂಟ್ ನಾಲ್ಕು ಸ್ಪೇಸ್. ಕೋಡನ್ನು ತಾನೇ ಹೀಗೆ ಜೋಡಿಸಿಕೊಡುವ ಫಾರ್ಮ್ಯಾಟರ್ ಓಡಿಸಿದರೆ ಮುಗಿಯಿತು. ಆದರೆ ಕ್ಯಾಷ್ ಕೀಗೆ ಯಾವ ಹೆಸರಿಡಬೇಕು ಅನ್ನುವುದನ್ನು ಯಾವ ಫಾರ್ಮ್ಯಾಟರೂ ಸರಿಮಾಡಿ ಕೊಡುವುದಿಲ್ಲ. ಅದರ ಬಗ್ಗೆ ಒಂದು ನಿಮಿಷವೂ ಮಾತಾಡಿರಲಿಲ್ಲ.

ಹಾಗಂತ ಓದಲು ಏನೂ ಇಲ್ಲ ಅಂತಲ್ಲ. ಪಿಎಚ್‌ಪಿ ಕ್ಯಾಷ್‌ಗೆಂದೇ ಇರುವ ನಿಯಮಾವಳಿ ಪಿಎಸ್‌ಆರ್-16 ನೋಡಿ. ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಚುಕ್ಕಿ ಇರುವ 64 ಅಕ್ಷರದವರೆಗಿನ ಕೀ ಎಲ್ಲ ಕಡೆಯೂ ನಡೆಯಲೇಬೇಕು ಅನ್ನುತ್ತದೆ. ಕೋಲನ್ ಹಾಕಬಾರದು ಅಂತಲೂ ಇದೆ. ರೆಡಿಸ್ ಬಳಸುವವರಿಗೆ ಕೋಲನ್ನೇ ರೂಢಿ. ಯಾವುದಾದರೂ ಇರಲಿ, ತಂಡದಲ್ಲಿ ಒಂದೇ ಇರಲಿ.

"ನಮ್ಮದು ಚಿಕ್ಕ ತಂಡ, ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ನಿಯಮ ಯಾಕೆ" ಅಂತ ಒಬ್ಬರು ಹೇಳಿದರು. ಗೊತ್ತಿದ್ದವರು ಎಲ್ಲಿ? ಒಬ್ಬರು ಬೆಂಗಳೂರಲ್ಲಿ, ಇನ್ನೊಬ್ಬರು ದುಬೈಯಲ್ಲಿ. ಊರಲ್ಲಿ ಯಾರು ಎಷ್ಟು ದಿನ ಇರುತ್ತಾರೆ ಅಂತ ನಮಗೆಲ್ಲ ಗೊತ್ತೇ ಇದೆ. ಇನ್ನೊಬ್ಬರು "ರೇಟು ಬದಲಾದಾಗೆಲ್ಲ ಪೂರ್ತಿ ಕ್ಯಾಷ್ ಅಳಿಸಿಬಿಡಿ" ಅಂದರು. ಬೋಟು ಬಂದು ಗಿರಾಕಿಗಳೆಲ್ಲ ಸೈಟಿಗೆ ಬೀಳುವ ಹೊತ್ತಿಗೇ ಎಲ್ಲ ಅಳಿಸಿದರೆ ಪ್ರತಿಯೊಂದು ಪುಟವೂ ಡೇಟಾಬೇಸಿಗೆ ಓಡುತ್ತದೆ. ಕ್ಯಾಷ್ ಹಾಕಿದ್ದೇ ಅದು ಬೇಡ ಅಂತ ಅಲ್ವಾ?

ಈ ಎರಡನೇ ಹೆಸರು ಯಾರು ಇಟ್ಟದ್ದು ಅಂತ ಹೊಸದಾಗಿ ಸೇರಿದ ಹುಡುಗಿ ಗಿಟ್ ಬ್ಲೇಮ್ ಹಾಕಿ ನೋಡಿದಳು; ಕೋಡಿನ ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಕಮಾಂಡ್ ಅದು. ಏನೂ ಹೇಳಲಿಲ್ಲ. ಲ್ಯಾಪ್‌ಟಾಪನ್ನು ಸ್ವಲ್ಪ ನನ್ನ ಕಡೆ ತಿರುಗಿಸಿದಳು, ಅಷ್ಟೇ. ಆ ಸಾಲಿನ ಎದುರು ನನ್ನ ಹೆಸರಿತ್ತು. ಒಂದು ಶುಕ್ರವಾರ ರಾತ್ರಿ ಹತ್ತೂವರೆಗೆ ಮಾಡಿದ ಕಮಿಟ್. ಮನೆಗೆ ಹೋಗುವ ಅವಸರದಲ್ಲಿ ಮೊದಲೇ ಒಂದು ಹೆಸರು ಇದೆಯಾ ಅಂತ ಹುಡುಕದೆ ಬರೆದದ್ದು. ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಅವಳೇ ಒಂದು ಚಿಕ್ಕ ಫಂಕ್ಷನ್ ಬರೆದಳು. ಇನ್ನು ಮುಂದೆ ಕೀ ಹುಟ್ಟುವುದು ಅಲ್ಲಿ ಮಾತ್ರ. ಬೇರೆ ಕಡೆ ಕೈಯಾರೆ ಬರೆದ ಕೀ ಕಂಡರೆ ರಿವ್ಯೂನಲ್ಲಿ ವಾಪಸ್. ಮಲ್ಪೆಗೆ ಫೋನ್ ಮಾಡಿ ಏಳು ಆರ್ಡರಿನ ನಷ್ಟ ಈ ತಿಂಗಳ ಬಿಲ್ಲಿನಲ್ಲಿ ಕಳೆಯುತ್ತೇವೆ ಅಂದೆ. ಆಮೇಲೆ ಕೂತು ನನ್ನ ಆ ಸಾಲನ್ನು ನಾನೇ ಅಳಿಸಿದೆ.